ಐದನೇ ನಂಬರಿನ ಹಾಳೆ

ಮಾರ್ಚ್ 5, ಬುಧವಾರ

ಪ್ರೀತಿಯ ಅತ್ತಿಗೆ,

ಈ ಲಕೋಟೆಯೊಳಗಿನ ಲಕೋಟೆಯಲ್ಲಿ ಆರನೇ ವಾರದ ಏಳು ಹಾಳೆಗಳಿವೆ. ಎಂದಿನಂತೆ ನಾನು ನೋಡಿಲ್ಲ, ಅಂಟು ಒಣಗಿದೆಯಾ ಅಂತ ಮಾತ್ರ ಎರಡು ಸಲ ಮುಟ್ಟಿ ನೋಡಿದೆ. ನನ್ನ ಹೆದರಿಕೆ ನಿಮಗೆ ಗೊತ್ತಲ್ಲ.

ಹೊಸ ದೊಡ್ಡ ಡಾಕ್ಟರಿಗೆ ನಮ್ಮ ವ್ಯವಸ್ಥೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮನಸ್ಸಿನ ನೋವಿಗೆ ಆಸ್ಪತ್ರೆಗೆ ಬರುವವರ ಗುಂಪಿನಲ್ಲಿ ಏಳು ಜನ. ಬುಧವಾರ ಒಂದೂವರೆ ಗಂಟೆ ಸುತ್ತ ಕೂತು ಮಾತಾಡುತ್ತಾರೆ. ಮುಗಿದ ಮೇಲೆ ನಾನು ಎದ್ದು ಹೊರಗೆ ಹೋಗುತ್ತೇನೆ, ಅವರು ಗುಂಪಿನ ಮೇಲಿನ ನಂಬಿಕೆಯ ಬಗ್ಗೆ ಇರುವ ಹನ್ನೆರಡು ಸಾಲುಗಳ ಮುಂದೆ ಸೊನ್ನೆಯಿಂದ ಆರರವರೆಗೆ ಅಂಕ ಹಾಕುತ್ತಾರೆ. ಹಾಳೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪಟ್ಟಿ ದೊಡ್ಡ ಡಾಕ್ಟರ ಬೀರುವಿನಲ್ಲಿದೆ. ಜನ ನನಗೆ ಗೊತ್ತು, ಉತ್ತರ ಗೊತ್ತಿಲ್ಲ. ಬೇರೆ ಊರಿನಲ್ಲಿ ಕೂತು ಅಂಕ ಕೂಡುವ ನಿಮಗೆ ಉತ್ತರ ಗೊತ್ತು, ಜನ ಗೊತ್ತಿಲ್ಲ. ನೀವು ನನಗೆ ಗುಂಪಿನ ಸರಾಸರಿ ಮಾತ್ರ ಹೇಳಬೇಕು. ಹೀಗಿದ್ದರೇ ಅವರು ನಿಜ ಬರೆಯುತ್ತಾರೆ ಅಂದೆ. ದೊಡ್ಡ ಡಾಕ್ಟರು, "ಮನಸ್ಸು ಮನಸ್ಸಿಗೆ ಎಷ್ಟು ಅಂಟಿದೆ ಅಂತ ಅಳೆಯೋಕೆ ಇಷ್ಟೆಲ್ಲ ಲಕೋಟೆನಾ?" ಅಂದರು.

ಏಪ್ರಿಲ್ ಮಧ್ಯದಲ್ಲಿ ಆಸ್ಪತ್ರೆಯ ಸಮಿತಿ ಕೂಡುತ್ತದೆ. ಸರಾಸರಿ ಮೇಲೆ ಹೋಗದಿದ್ದರೆ ಗುಂಪನ್ನು ಮುಚ್ಚಿ ಆ ಕೋಣೆಯನ್ನು ಔಷಧಿ ದಾಸ್ತಾನಿಗೆ ಕೊಡುತ್ತಾರಂತೆ. ನನ್ನ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಈಗಾಗಲೇ ಒಬ್ಬ ಬಂದು ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋದ.

ನಮ್ಮ ಮೇಷ್ಟ್ರು ಇಲ್ಲದಿದ್ದರೆ ಈ ಗುಂಪು ಎಂದೋ ಚದುರಿಹೋಗುತ್ತಿತ್ತು. ನಿವೃತ್ತರು, ಒಂಟಿ ಜೀವ. ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಾರೆ, ಅಳುವವರ ಕೈಗೆ ನೀರಿನ ಲೋಟ ಕೊಡುತ್ತಾರೆ, ನಡುವೆ ಒಂದು ತಮಾಷೆ. ಅವರ ಎದುರು ವಾಚ್ ರಿಪೇರಿಯವರು ಸದಾ ಮುಖ ಗಂಟಿಕ್ಕಿಕೊಂಡು ಕೂರುತ್ತಾರೆ. ಯಾರು ಏನು ಹೇಳಿದರೂ "ಹಂಗೇನಿಲ್ಲ" ಅನ್ನುವುದು ಅವರ ಅಭ್ಯಾಸ. ಉಳಿದ ಐದು ಜನ ಇವರಿಬ್ಬರ ನಡುವೆ ತಕ್ಕಡಿಯ ಹಾಗೆ ಅತ್ತ ಇತ್ತ.

ಅಣ್ಣ ಹೇಗಿದ್ದಾನೆ?

ನಿಮ್ಮ ಪುಟ್ಟಿ

---

ಮಾರ್ಚ್ 9, ಭಾನುವಾರ

ಪುಟ್ಟಿ,

ಸರಾಸರಿ 2.6. ಕಳೆದ ವಾರ 2.8 ಇತ್ತು. ಬೇಜಾರು ಮಾಡಿಕೊಳ್ಳಬೇಡ. ಆರನೇ ವಾರಕ್ಕೆ ಜನ ಒಬ್ಬರ ಮೇಲೊಬ್ಬರು ರೇಗಲು ಶುರು ಮಾಡುತ್ತಾರೆ, ಅದು ಒಳ್ಳೆಯ ಲಕ್ಷಣ. ನೀನು ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಎಷ್ಟು ನಯವಾಗಿ ಮಾತಾಡಿದ್ದೆ! ಒಂದು ವರ್ಷವಾದ ಮೇಲೆ ತಾನೇ "ಅತ್ತಿಗೆ, ನಿಮ್ಮ ಕಾಫಿ ಕಲಗಚ್ಚು" ಅಂದಿದ್ದು. ಆವತ್ತಿನಿಂದ ನಾವು ಒಂದೇ ಮನೆಯವರಾದೆವು.

ಒಂದು ಮಾತು. ಮೊನ್ನೆ ಮನೆಯ ಫೋನಿಗೆ ಕರೆ ಮಾಡಿ ಹಾಳೆಗಳ ಬಗ್ಗೆ ಕೇಳಿದೆಯಲ್ಲ, ಇನ್ನು ಹಾಗೆ ಮಾಡಬೇಡ. ಫೋನಿರುವುದು ಹಾಲಿನಲ್ಲಿ, ನಿನ್ನಣ್ಣ ಅಲ್ಲೇ ಕೂತಿರುತ್ತಾರೆ. ಕಾಗದದಲ್ಲೇ ಬರಿ.

ನಿನ್ನಣ್ಣ ಚೆನ್ನಾಗಿದ್ದಾರೆ.

ನಿನ್ನ ಅತ್ತಿಗೆ

---

ಮಾರ್ಚ್ 19, ಬುಧವಾರ

ಪ್ರೀತಿಯ ಅತ್ತಿಗೆ,

ಹೋದ ವಾರದ ಸರಾಸರಿಯೂ 2.6 ಅಂತ ನಿಮ್ಮ ಕಾರ್ಡು ಬಂತು. ನಾನು ಆ ಕಾರ್ಡನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದೆ ಅಂದರೆ ನಗಬೇಡಿ.

ಆದರೆ ಇವತ್ತು ಏನೋ ಬದಲಾಗಿದೆ. ನಾನು ಹೊರಗೆ ಹೋದ ಮೇಲೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಹಾಳೆ ತುಂಬುವ ಕೆಲಸ ಇಪ್ಪತ್ತು ನಿಮಿಷ ನಡೆಯಿತು. ಬಾಗಿಲ ಆಚೆ ಬೆಂಚಿನ ಮೇಲೆ ಕೂತಿದ್ದ ನನಗೆ ಮೇಷ್ಟ್ರ ದನಿ, ಆಮೇಲೆ ಎಲ್ಲರ ನಗು ಕೇಳಿಸಿತು. ವಾಚಿನವರು ಮಾತ್ರ ಮೊದಲು ಹೊರಬಂದರು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆಗೆದು, "ಹಂಗೇನಿಲ್ಲ" ಅಂದುಬಿಟ್ಟು ನಡೆದರು. ನಾನು ಏನೂ ಕೇಳಿಯೇ ಇರಲಿಲ್ಲ!

ಮೇಷ್ಟ್ರು ಹೋಗುವಾಗ, "ಮೇಡಂ, ನೀವು ಇನ್ನು ತಲೆ ಕೆಡಿಸ್ಕೋಬೇಡಿ, ಎಲ್ಲ ಸರಿಯಾಗತ್ತೆ" ಅಂದರು. ಎಷ್ಟು ಹಗುರವಾಗಿದ್ದರು ಗೊತ್ತಾ? ಹಳೆಯ ಭಾರವನ್ನೆಲ್ಲ ಇಳಿಸಿಟ್ಟವರ ಹಾಗೆ. ಎಂಟು ವಾರದ ಕೆಲಸ ಕೊನೆಗೂ ಕೈಹಿಡಿಯಿತು ಅನಿಸಿತು. ಬೇಗ ಲೆಕ್ಕ ಮಾಡಿ ತಿಳಿಸಿ, ಕಾಯಲು ಆಗುತ್ತಿಲ್ಲ.

ಪುಟ್ಟಿ

---

ಮಾರ್ಚ್ 22, ಶನಿವಾರ

ಪುಟ್ಟಿ,

ಸರಾಸರಿ 5.4.

ನಿನಗೆ ಇದನ್ನು ಓದಿ ಕುಣಿಯಬೇಕು ಅನಿಸಬಹುದು. ನನಗೆ ಇದನ್ನು ನಂಬಲಾಗಲಿಲ್ಲ. ಮೂರು ಸಲ ಕೂಡಿದೆ. ಹದಿನೈದು ವರ್ಷದಿಂದ ಇಂಥ ಹಾಳೆಗಳನ್ನು ಕೂಡುತ್ತಿದ್ದೇನೆ, ಒಂದೇ ವಾರದಲ್ಲಿ ಏಳೂ ಜನ ಹೀಗೆ ಏರಿದ್ದನ್ನು ನೋಡಿಲ್ಲ. ಜನರ ನಡುವಿನ ನಂಬಿಕೆ ಗೇಣು ಗೇಣಾಗಿ ಏರುತ್ತದೆ, ಅಲ್ಲಲ್ಲಿ ಜಾರುತ್ತದೆ. ಹೀಗೆ ನೆಗೆಯುವುದಿಲ್ಲ.

ಆ ಇಪ್ಪತ್ತು ನಿಮಿಷ ಒಳಗೆ ಏನು ನಡೆಯಿತು? ಅದಕ್ಕೂ ಹಿಂದಿನ ವಾರ ನೀನು ಅವರಿಗೆ ಏನಾದರೂ ಹೇಳಿದ್ದೆಯಾ? ನಿಜ ಬರಿ. ಅಲ್ಲಿಯವರೆಗೆ ಈ ಅಂಕಿಯನ್ನು ಯಾರಿಗೂ ತೋರಿಸಬೇಡ.

ಅತ್ತಿಗೆ

---

ಮಾರ್ಚ್ 26, ಬುಧವಾರ

ಅತ್ತಿಗೆ,

ನಿಮ್ಮ ಕಾಗದ ಬಂದ ದಿನವೇ ಸಮಿತಿಯ ಗುಮಾಸ್ತರಿಗೆ 5.4 ಎಂದು ಬರೆದುಕೊಟ್ಟೆ. ಕೊಟ್ಟಾದ ಮೇಲೆ ನಿಮ್ಮ ಉಳಿದ ಸಾಲುಗಳನ್ನು ಓದಿದೆ. ಬೇಕಂತಲೇ ಹಾಗೆ ಮಾಡಲಿಲ್ಲ, ಮೊದಲ ಸಾಲಿನಲ್ಲೇ ಕಣ್ಣು ತುಂಬಿ ಬಂದಿತ್ತು.

ನಾನು ಅವರಿಗೆ ಏನೂ ಹೇಳಿಲ್ಲ. ಕೆಲಸ ಚೆನ್ನಾಗಿ ಆಗಿದೆ ಅಂದರೆ ಅದರಲ್ಲೂ ಕಲ್ಲು ಹುಡುಕುತ್ತೀರಲ್ಲ! ನಿಮ್ಮ ಮುಂದೆ ಇರುವುದು ಕಾಗದ, ನನ್ನ ಮುಂದೆ ಇರುವುದು ಮುಖಗಳು. ಆ ಮುಖಗಳು ನಗುತ್ತಿವೆ. ಇವತ್ತು ಮೇಷ್ಟ್ರು ಎಲ್ಲರಿಗೂ ಒಂದೊಂದು ಪೆನ್ನು ತಂದು ಹಂಚಿದರು, ತಮ್ಮ ಹಳೆಯ ಸಂಗ್ರಹದ್ದು. ನನಗೂ ಒಂದು. ಈ ಕಾಗದ ಅದರಲ್ಲೇ ಬರೆಯುತ್ತಿದ್ದೇನೆ.

ಒಂದು ಮಾತು ಕೇಳಿಯೇ ಬಿಡುತ್ತೇನೆ. ಬೈಕಿನಿಂದ ಬಿದ್ದು ಎದ್ದ ಮೇಲೆ ಅಣ್ಣ ನನ್ನ ಕೆಲಸದ ಮಾತೆತ್ತಿದರೆ ಎದ್ದು ಹೋಗುತ್ತಾನೆ. ನೀವು ಫೋನಿನಲ್ಲಿ ಮಾತಾಡಬೇಡ ಅನ್ನುತ್ತೀರಿ. ಹುಚ್ಚರ ಜೊತೆ ಕೂತು ಹರಟೆ ಹೊಡೆಯುವ ಕೆಲಸ ಅಂತ ಅವನಿಗೆ ಅಸಹ್ಯ ಇರಬಹುದು. ನಿಮಗೂ ಹಾಗೇನಾ?

ಒಂಬತ್ತನೇ ವಾರದ ಹಾಳೆಗಳು ಒಳಗಿವೆ.

ಪುಟ್ಟಿ

---

ಮಾರ್ಚ್ 29, ಶನಿವಾರ. ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ

ಪುಟ್ಟಿ,

ಕೋಪ ಆಮೇಲೆ ಮಾಡಿಕೋ. ಮೊದಲು ಇದನ್ನು ಪೂರ್ತಿ ಓದು. ನಾನು ನಿಯಮ ಮುರಿಯುತ್ತಿದ್ದೇನೆ.

ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಂಟನೇ ವಾರ, ಒಂಬತ್ತನೇ ವಾರ, ಎರಡರಲ್ಲೂ ಆರು ಹಾಳೆಗಳ ಮೇಲೆ ರಬ್ಬರಿನ ಗುರುತಿದೆ. ಮೊದಲು ಎರಡು, ಮೂರು ಎಂದು ಬರೆದು, ಅಳಿಸಿ, ಐದು ಆರು ಮಾಡಿದ್ದಾರೆ. ಆರು ಜನ ಯಾರೋ ಹೇಳಿದ್ದಕ್ಕೆ ನಿನಗೋಸ್ಕರ ಸುಳ್ಳು ಬರೆದಿದ್ದಾರೆ. ಬರೆಯುವಾಗ ಅವರಿಗೆ ಕಸಿವಿಸಿಯಾಗಿದೆ. ಅವರ ಬಗ್ಗೆ ನನಗೆ ಹೆದರಿಕೆಯಿಲ್ಲ.

ಐದನೇ ನಂಬರಿನ ಹಾಳೆ ಬೇರೆ ಥರ. ಏಳು ವಾರ ಅವರು ಪ್ರತಿಯೊಂದು ಸಾಲಿಗೂ ತೂಗಿ ತೂಗಿ ಅಂಕ ಹಾಕಿದ್ದಾರೆ. ಒಂಬತ್ತನೇ ಸಾಲು, "ನಾನು ಬರದಿದ್ದರೆ ಇಲ್ಲಿ ಯಾರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ", ಅದಕ್ಕೆ ಏಳು ವಾರವೂ ಸೊನ್ನೆ. ಈಗ ಎರಡು ವಾರದಿಂದ ಹನ್ನೆರಡಕ್ಕೆ ಹನ್ನೆರಡೂ ಆರು. ಒಂದೂ ಅಳಿಸಿಲ್ಲ. ಮೇಲಿನಿಂದ ಕೆಳಗೆ ಒಂದೇ ಉಸಿರಿನಲ್ಲಿ, ಹಗುರವಾಗಿ.

ಇದು ನನಗೆ ಹೇಗೆ ಗೊತ್ತು ಅಂತ ಕೇಳುತ್ತೀಯ. ಮೂರು ವರ್ಷದ ಹಿಂದೆ ನಿನ್ನಣ್ಣ ಬೈಕಿನಿಂದ ಬೀಳಲಿಲ್ಲ. ಬದುಕು ಸಾಕು ಅಂತ ತೀರ್ಮಾನ ಮಾಡಿದ್ದರು. ನಾನು ಆವತ್ತು ಕನ್ನಡಕ ಮರೆತು ಅರ್ಧ ದಾರಿಯಿಂದ ಮನೆಗೆ ವಾಪಸ್ಸು ಬಂದಿದ್ದಕ್ಕೆ ಉಳಿದರು. ಅದಕ್ಕೂ ಮುಂಚೆ ಹನ್ನೊಂದು ವಾರ ನಿನ್ನಂಥದೇ ಒಂದು ಗುಂಪಿಗೆ ಹೋಗುತ್ತಿದ್ದರು. ಪುಟ್ಟಿಗೆ ಗೊತ್ತಾಗಬಾರದು ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡರು. ಆಮೇಲೆ ನಾನು ಆ ಗುಂಪಿನ ಹಾಳೆಗಳನ್ನು ಕೇಳಿ ತರಿಸಿಕೊಂಡು ನೋಡಿದೆ. ಕೊನೆಯ ವಾರ ಅವರದ್ದು ಹನ್ನೆರಡಕ್ಕೆ ಹನ್ನೆರಡೂ ಪೂರ್ತಿ ಅಂಕ. ಆ ವಾರ ಆ ಗುಂಪಿನ ಸರಾಸರಿ ಎಲ್ಲಕ್ಕಿಂತ ಹೆಚ್ಚಿತ್ತು. ಅದನ್ನು ನೋಡಿ ಅಲ್ಲಿಯ ಮೇಡಂ ಖುಷಿಪಟ್ಟಿದ್ದರಂತೆ.

ಅಸಹ್ಯವಲ್ಲ ಪುಟ್ಟಿ. ನಿನ್ನ ಕೆಲಸದ ಮಾತು ಬಂದರೆ ಅವರು ಎದ್ದು ಹೋಗುವುದು ನಾಚಿಕೆಯಿಂದ.

ನನ್ನ ಊಹೆ ತಪ್ಪಾಗಿದ್ದರೆ ಜನ್ಮವಿಡೀ ನನ್ನನ್ನು ಆಡಿಕೊಂಡು ನಗು. ಆದರೆ ಪಟ್ಟಿ ತೆಗೆಸು. ಐದು ಯಾರು ಅಂತ ನೋಡು. ಬೆಳಿಗ್ಗೆ ಅಂಗಡಿಯಿಂದ ನಿನ್ನ ಆಸ್ಪತ್ರೆಗೆ ಎರಡು ಸಲ ಫೋನ್ ಮಾಡಿದೆ. ನೀನು ವಾರ್ಡಿನಲ್ಲಿದ್ದೀಯ ಅಂದರು. "ಐದನೇ ನಂಬರ್ ಯಾರು ಅಂತ ತಕ್ಷಣ ನೋಡೋಕೆ ಹೇಳಿ" ಅಂದರೆ ಆ ಪುಣ್ಯಾತ್ಮ, "ಐದನೇ ನಂಬರ್ ಬೆಡ್ ಖಾಲಿ ಇದೆಯಮ್ಮಾ" ಅಂದ.

ಅತ್ತಿಗೆ

---

ಏಪ್ರಿಲ್ 1, ಮಂಗಳವಾರ

ಅತ್ತಿಗೆ,

ಇದನ್ನೂ ಬಸ್ಸಿಗೆ ಕೊಡುತ್ತಿದ್ದೇನೆ.

ಅಣ್ಣನ ವಿಷಯಕ್ಕೆ ಈಗ ಏನೂ ಬರೆಯಲಾರೆ. ಬರೆಯಲು ಕೂತರೆ ಎದ್ದು ನಿಮ್ಮೂರಿನ ಬಸ್ಸು ಹತ್ತಿಬಿಡುತ್ತೇನೆ, ಇಲ್ಲಿ ಇವರನ್ನು ಬಿಟ್ಟು ಬರುವ ಹಾಗಿಲ್ಲ.

ನಾನು ಸುಳ್ಳು ಹೇಳಿದ್ದೆ. ಮಾರ್ಚ್ 12ರಂದು ಗುಂಪಿನ ಮುಂದೆ ಅತ್ತುಬಿಟ್ಟೆ. ಹಾಳೆಯಲ್ಲಿ ಅಂಕ ಹೀಗೇ ಬಂದರೆ ಕೋಣೆಯೂ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ ಅಂದೆ. ನೋವು ಇಳಿಸಿಕೊಳ್ಳಲು ಬಂದವರ ತಲೆಯ ಮೇಲೆ ನನ್ನ ಹೊರೆ ಹೊರಿಸಿದೆ. ನಿಮಗೆ ಹೇಳಲು ನಾಚಿಕೆಯಾಯಿತು.

ಪಟ್ಟಿ ಸಿಗಲಿಲ್ಲ. ದೊಡ್ಡ ಡಾಕ್ಟರು ಮಗಳ ಹೆರಿಗೆಗೆ ಹೋಗಿದ್ದಾರೆ, ಬೀಗದ ಕೈ ಅವರ ಜೊತೆಗೇ ಹೋಗಿದೆ. ಬೀಗ ಒಡೆಯಿರಿ ಅಂದರೆ ಗುಮಾಸ್ತರು, "ಲಿಖಿತ ಆದೇಶ ತನ್ನಿ" ಅನ್ನುತ್ತಾರೆ. ಆದೇಶ ಕೊಡಬೇಕಾದವರು ಆ ದೊಡ್ಡ ಡಾಕ್ಟರೇ. ಅವರು ನಾಡಿದ್ದು ಬರುತ್ತಾರೆ.

ಅದಕ್ಕೇ ಭಾನುವಾರ, ಸೋಮವಾರ ಏಳೂ ಜನರನ್ನು ಒಬ್ಬೊಬ್ಬರನ್ನಾಗಿ ಕಂಡು, ಬದುಕು ಸಾಕು ಅನಿಸುತ್ತಿದೆಯಾ ಅಂತ ನೇರವಾಗಿ ಕೇಳಿದೆ. ಐದು ಜನ ಅತ್ತರು, ಬೈದರು, ಹಾಳೆಯ ವಿಷಯ ಒಪ್ಪಿಕೊಂಡು ಕ್ಷಮೆ ಕೇಳಿದರು. ಮೇಷ್ಟ್ರು ನಕ್ಕು, "ನಾನೇ ಅವ್ರಿಗೆಲ್ಲ ಹೇಳಿದ್ದು ಮೇಡಂ, ನನ್ನನ್ನ ಬೈಯ್ರಿ" ಅಂದರು. ವಾಚಿನವರು ಮಾತ್ರ ಗೋಡೆ ನೋಡುತ್ತಾ ಕೂತರು. ಎಷ್ಟು ಕೇಳಿದರೂ ಒಂದೇ ಉತ್ತರ, "ಹಂಗೇನಿಲ್ಲ." ಅವರೇ ಐದು, ನನಗೆ ಅನುಮಾನವಿಲ್ಲ.

ಅವರನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ವಾರ್ಡಿಗೆ ಬನ್ನಿ ಅಂದರೆ ಬರುವುದಿಲ್ಲ. ಹಾಗಾಗಿ ಮೇಷ್ಟ್ರನ್ನು ಕೇಳಿಕೊಂಡೆ: ದಿನಾ ಸಂಜೆ ಅವರ ಅಂಗಡಿಗೆ ಹೋಗಿ ಕೂತು, ಮನೆಯವರೆಗೆ ಜೊತೆಗೆ ನಡೆಯಿರಿ ಅಂತ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಿದ್ದು ತಪ್ಪು, ಗೊತ್ತು. ಬೇರೆ ದಾರಿ ಕಾಣಲಿಲ್ಲ. ಮೇಷ್ಟ್ರು, "ಎರಡು ಮೂರು ದಿನ ನೋಡ್ಕೋತೀನಿ" ಅಂದರು.

ಪುಟ್ಟಿ

---

ಏಪ್ರಿಲ್ 2, ಬುಧವಾರ, ಸಂಜೆಯ ಬಸ್ಸಿಗೆ

ಪುಟ್ಟಿ,

ಅಲ್ಲ. ಅವರಲ್ಲ.

ಗೋಡೆ ನೋಡುತ್ತಾ ಮುನಿಸಿಕೊಳ್ಳುವವರು ಹನ್ನೆರಡು ಆರು ಬರೆಯುವುದಿಲ್ಲ. ಅವರಿಗೆ ಇನ್ನೂ ಜಗತ್ತಿನ ಮೇಲೆ ಜಗಳವಿದೆ. ನಿನ್ನಣ್ಣ ಆ ಕೊನೆಯ ವಾರ ಮನೆಯವರನ್ನೆಲ್ಲ ನಗಿಸುತ್ತಿದ್ದರು. ತಮ್ಮ ಒಳ್ಳೆಯ ಅಂಗಿಗಳನ್ನು ಆಫೀಸಿನವರಿಗೆ ಕೊಟ್ಟುಬಿಟ್ಟರು. ನಾನು, ಅಬ್ಬಾ, ಮನುಷ್ಯ ಕೊನೆಗೂ ಹಗುರಾದ ಅಂದುಕೊಂಡಿದ್ದೆ.

ಪೆನ್ನು ಹಂಚಿದವರು ಯಾರು? "ಎರಡು ಮೂರು ದಿನ" ಅಂದವರು ಯಾರು?

ಮೇಷ್ಟ್ರ ಮನೆಗೆ ಹೋಗು. ಇದು ಕೈಗೆ ಬಂದ ಕ್ಷಣವೇ ಹೋಗು. ಆಸ್ಪತ್ರೆಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೇನೆ, ಯಾರೂ ಎತ್ತುತ್ತಿಲ್ಲ.

ಅತ್ತಿಗೆ

---

ಏಪ್ರಿಲ್ 4, ಶುಕ್ರವಾರ

ಅತ್ತಿಗೆ,

ಮೇಷ್ಟ್ರು ಬದುಕಿದ್ದಾರೆ. ಮೊದಲು ಇದನ್ನು ಓದಿಕೊಳ್ಳಿ.

ನಿಮ್ಮ ಕಾಗದ ಗುರುವಾರ ಬೆಳಿಗ್ಗೆ ಬಂತು. ಅದನ್ನೇ ನಂಬಿಕೊಂಡಿದ್ದರೆ ಒಂದು ರಾತ್ರಿ ತಡವಾಗುತ್ತಿತ್ತು.

ಬುಧವಾರ ಗುಂಪು ಮುಗಿದ ಮೇಲೆ ಮೇಷ್ಟ್ರು ನಾನು ಹೇಳಿದಂತೆ ವಾಚಿನವರ ಅಂಗಡಿಗೆ ಹೋಗಿ ಕೂತಿದ್ದಾರೆ. ಹೊರಡುವಾಗ ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಇದು ನಿಮ್ಮ ಹತ್ರಾನೇ ಇರ್ಲಿ" ಅಂದು ನಡೆದಿದ್ದಾರೆ. ವಾಚಿನವರು ಅಭ್ಯಾಸಬಲದಿಂದ ಹಿಂಬದಿ ತೆರೆದು ನೋಡಿದರಂತೆ. ಕೆಟ್ಟಿರಲಿಲ್ಲ. ಆಮೇಲೆ ಅವರು ನನಗೆ ಹೇಳಿದ್ದು ಹೀಗೆ:

"ನಲವತ್ತು ವರ್ಷ ಆಯ್ತು ಮೇಡಂ, ನಡೀತಿರೋ ವಾಚು ತಂದು ಯಾರೂ ನನ್ನ ಕೈಗೆ ಕೊಟ್ಟಿಲ್ಲ. ಕೆಟ್ಟಿದ್ರೆ ತರ್ತಾರೆ, ಯಾವಾಗ ಬರ್ಲಿ ಅಂತ ಕೇಳ್ತಾರೆ. ಈ ಮನುಷ್ಯ ಯಾವಾಗ ಬರ್ಲಿ ಅಂತ ಕೇಳ್ಲಿಲ್ಲ."

ಅಂಗಡಿಯ ಬಾಗಿಲು ಎಳೆದು ಮನೆ ಹುಡುಕಿಕೊಂಡು ಹೋಗಿದ್ದಾರೆ. ಮೇಷ್ಟ್ರೇ ಬಾಗಿಲು ತೆರೆದರಂತೆ, ನಗುನಗುತ್ತಾ. ಮನೆ ಗುಡಿಸಿ ಒರೆಸಿ ಇಟ್ಟಿದ್ದರು. ಗೋಡೆಯ ಪಕ್ಕ ಪುಸ್ತಕಗಳ ಏಳು ಕಟ್ಟು, ಒಂದೊಂದರ ಮೇಲೂ ಚೀಟಿ. ಗುಂಪಿನ ಉಳಿದ ಆರು ಜನರಿಗೆ ಒಂದೊಂದು, ಏಳನೆಯದು ನನಗೆ. ವಾಚಿನವರು ಏನೂ ಮಾತಾಡದೆ ಒಂದು ಕುರ್ಚಿ ಎಳೆದು ಹೊಸ್ತಿಲ ಮೇಲೇ ಹಾಕಿಕೊಂಡು ಕೂತುಬಿಟ್ಟರು. "ನೀವಿನ್ನು ಹೊರಡಿ" ಅಂದರೆ "ಹಂಗೇನಿಲ್ಲ" ಅಂದರಂತೆ. ಪಕ್ಕದ ಮನೆಯವರನ್ನು ಕೂಗಿ ಆಸ್ಪತ್ರೆಗೆ ಓಡಿಸಿದರು. ನಾನು ಹೋದಾಗ ಸಂಜೆ ಏಳು ಗಂಟೆ. ಇಬ್ಬರೂ ಎದುರುಬದುರು ಕೂತಿದ್ದರು. ಮೇಷ್ಟ್ರ ಮುಖದಲ್ಲಿ ನಗು ಇರಲಿಲ್ಲ. ನನ್ನನ್ನು ನೋಡಿ, "ಎಲ್ಲರಿಗೂ ಒಂದಿಷ್ಟು ಒಳ್ಳೇದು ಮಾಡಿ ಹೋಗೋಣ ಅಂತಿದ್ದೆ ಮೇಡಂ. ಕೋಣೆ ಉಳಿಸಿದ್ದೆ" ಅಂದರು. ನಾನೂ ವಾಚಿನವರೂ ಸೇರಿ ಅವರನ್ನು ಆಸ್ಪತ್ರೆಗೆ ಕರೆತಂದೆವು.

ಈಗ ವಾರ್ಡಿನಲ್ಲಿದ್ದಾರೆ. ದೊಡ್ಡ ಡಾಕ್ಟರು ಬಂದರು, ಬೀರು ತೆರೆದರು. ಐದು ಮೇಷ್ಟ್ರೇ.

ವಾರ್ಡಿನ ಬಾಗಿಲಲ್ಲಿ ವಾಚಿನವರು ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದರು. "ನನ್ನನ್ನ ಕಾಯೋಕೆ ಅವ್ರನ್ನ ಇಟ್ರಿ, ಅಲ್ವಾ? ಇಡೋ ಮುಂಚೆ ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ? ನಿಮ್ಮ ಆ ಹಾಳೇಲಿ ಸುಳ್ಳು ಬರೀರಿ ಅಂದಾಗ್ಲೇ ನಂಗೆ ಮೈ ಉರಿದಿತ್ತು. ಆದ್ರೂ ಬರ್ದೆ, ಅದಕ್ಕೇ ಆವತ್ತು ನಿಮ್ಮ ಮುಖ ನೋಡೋಕಾಗ್ಲಿಲ್ಲ." ಸಮಿತಿಗೆ 5.4 ಸುಳ್ಳು ಎಂದು ಬರೆದುಕೊಟ್ಟಿದ್ದೇನೆ. ಕೋಣೆ ಹೋಗಬಹುದು.

ಮೂರು ವರ್ಷ ಅಣ್ಣನ ಕಾಲಿನ ಗಾಯದ ಬಗ್ಗೆ ಕೇಳುತ್ತಿದ್ದೆ ನಾನು. ಅತ್ತಿಗೆ, ಅವನು ನಿಜವಾಗಿ ಹೇಗಿದ್ದಾನೆ?

ಪುಟ್ಟಿ

---

ಏಪ್ರಿಲ್ 13, ಭಾನುವಾರ

ಪುಟ್ಟಿ,

ಬುಧವಾರದ ಏಳು ಹಾಳೆ ತಲುಪಿದವು. ಮೇಷ್ಟ್ರನ್ನು ವಾರ್ಡಿನಿಂದ ಕರೆದುಕೊಂಡು ಬಂದು ಗುಂಪಿನಲ್ಲಿ ಕೂರಿಸಿದ್ದು, ನೀನು ಎಲ್ಲರ ಮುಂದೆ ತಪ್ಪೊಪ್ಪಿಕೊಂಡಿದ್ದು, ಇಬ್ಬರು ಜಗಳವಾಡಿ ಎದ್ದು ಹೋಗಿ ಮತ್ತೆ ಬಂದದ್ದು ಎಲ್ಲ ನಿನ್ನ ಕಾಗದದಲ್ಲಿ ಓದಿದೆ. ಸರಾಸರಿ 2.1. ಇಷ್ಟು ಕಡಿಮೆ ಯಾವತ್ತೂ ಬಂದಿರಲಿಲ್ಲ. ಹಾಗೆಯೇ ಸಮಿತಿಗೆ ಕೊಡು. ಕೋಣೆ ಕಿತ್ತುಕೊಂಡರೆ ಮರದ ಕೆಳಗೆ ಕೂರಿ.

ಐದರ ಹಾಳೆಯಲ್ಲಿ ಸೊನ್ನೆ, ಒಂದು, ಸೊನ್ನೆ. ಅಲ್ಲಲ್ಲಿ ತೂತು ಬೀಳುವ ಹಾಗೆ ಅಳಿಸಿದ್ದಾರೆ. ಕೆಳಗೆ, ಬರೆಯಬಾರದ ಜಾಗದಲ್ಲಿ, ಸಣ್ಣಗೆ ಬರೆದಿದ್ದಾರೆ: "ನಾಳೆ ಬೆಳಿಗ್ಗೆ ಎದ್ದರೆ ಏನು ಮಾಡುವುದೋ ಅಂತ ಹೆದರಿಕೆ."

ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಹದಿನೈದು ವರ್ಷದ ಅನುಭವ ಒಂದು ಪೈಸೆಯಷ್ಟೂ ಕೆಲಸಕ್ಕೆ ಬರಲಿಲ್ಲ. ಆಗ ಮಾಡಬಾರದ್ದು ಮಾಡಿದೆ. ಹಾಳೆಯನ್ನು ಹಾಲಿಗೆ ತೆಗೆದುಕೊಂಡು ಹೋಗಿ ನಿನ್ನಣ್ಣನ ಕೈಗೆ ಕೊಟ್ಟೆ. ಯಾರದು, ಏನು ಅಂತ ಹೇಳಲಿಲ್ಲ. ಪುಟ್ಟಿಗೆ ಎಲ್ಲ ಹೇಳಿಬಿಟ್ಟಿದ್ದೇನೆ ಅಂತ ಮಾತ್ರ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. ತುಂಬ ಹೊತ್ತು ಓದಿದರು.

"ಇವ್ರು ಉಳೀತಾರೆ" ಅಂದರು.

"ಹೇಗೆ ಹೇಳ್ತೀರಿ?"

"ನಾಳೆಗೆ ಹೆದರ್ತಿದಾರಲ್ಲ. ನಂಗೆ ಆ ವಾರ ಹೆದರಿಕೆನೇ ಇರ್ಲಿಲ್ಲ ಕಣೆ. ಎಷ್ಟು ಆರಾಮಾಗಿತ್ತು ಗೊತ್ತಾ? ನಾಳೆ ಅನ್ನೋದೇ ಇರ್ಲಿಲ್ಲ."

ಮೂರು ವರ್ಷದಿಂದ ದಿನವೂ "ಚೆನ್ನಾಗಿದೀರಾ" ಅಂತ ಕೇಳುತ್ತೇನೆ, "ಚೆನ್ನಾಗಿದೀನಿ" ಅನ್ನುತ್ತಾರೆ, ಆ ಮಾತು ಕೇಳಿದಾಗೆಲ್ಲ ನಾನು ಒಳಗೇ ಸತ್ತು ಹುಟ್ಟುತ್ತೇನೆ. ಇವತ್ತು ಬೇರೆ ಥರ ಕೇಳಿದೆ. "ಈಗ ಹೆದರಿಕೆ ಆಗತ್ತಾ?"

"ದಿನಾ ಬೆಳಿಗ್ಗೆ" ಅಂದರು. "ಹಲ್ಲುಜ್ಜುವಾಗ ಶುರುವಾಗತ್ತೆ. ನಿಂಗೆ ಹೇಳಿದ್ರೆ ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

ಪುಟ್ಟಿ, ನಿನ್ನಣ್ಣ ಹೇಗಿದ್ದಾರೆ ಅಂತ ಕೇಳಿದ್ದೆಯಲ್ಲ, ಹೀಗಿದ್ದಾರೆ. ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲೇ ಕೂತಿದ್ದಾರೆ, ನನ್ನ ಎಡಗೈ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ. ಕಾಗದ ಒತ್ತಿ ಹಿಡಿಯಲು ನನಗೆ ಇನ್ನೊಂದು ಕೈಯಿಲ್ಲ. ಅದಕ್ಕೇ ಸಾಲುಗಳು ಸೊಟ್ಟಗೆ ಹೋಗಿವೆ, ಹೇಗಾದರೂ ಓದಿಕೋ.

ನಿನ್ನ ಅತ್ತಿಗೆ